ಕಡಲ ಕ್ಯಾಲೆಂಡರ್: ಕಾಣೆಯಾದ ಬೂದು ಬಣ್ಣ

"ಇಲ್ಲಿ ನಿಲ್ಲಿಸು ಮಾರಾಯ್ತಿ. ಕಳುಹಿಸಿದವರ ಹೆಸರು ಉಂಟಲ್ಲ, ಆ ಸಾಲು. ಅದನ್ನು ಸ್ವಲ್ಪ ದೊಡ್ಡದು ಮಾಡು."

ತನ್ನ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತಿದ್ದ ಪ್ರತೀಕ್ಷಾ ಮೌಸಿನ ಚಕ್ರ ತಿರುಗಿಸಿದಳು. ಪರದೆಯ ಮೇಲಿನ ಅಕ್ಷರಗಳು ಊದಿಕೊಂಡವು.

ಚಂದ್ರಾವತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಕಾಸರಗೋಡಿನ ಈ ಹೆಂಗಸು ಬ್ಯಾಂಕಿನ ವಿಜಿಲೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಈಗ ಕೊಚ್ಚಿಯ ಕಾಕ್ಕನಾಡಿನ ತಮ್ಮ ಫ್ಲ್ಯಾಟಿನಿಂದಲೇ ಪತ್ತೇದಾರಿಕೆ ನಡೆಸುತ್ತಿದ್ದರು. ಓದುವಾಗ ತುಟಿ ಅಲ್ಲಾಡಿಸುವುದು ಅವರ ಹಳೆಯ ಅಭ್ಯಾಸ. ಈಗಲೂ ತುಟಿ ಅಲ್ಲಾಡಿತು. ನಡುವೆಯೇ ನಿಂತುಹೋಯಿತು.

"ವೇದವತಿಯವರೇ, ಒಮ್ಮೆ ಇಲ್ಲಿ ಬನ್ನಿ."

ಕಿಟಕಿಯ ಬಳಿ ನಿಂತಿದ್ದ ವೇದವತಿ ತಿರುಗಲಿಲ್ಲ. ಕೆಳಗೆ ಐಟಿ ಪಾರ್ಕಿನ ಗೇಟಿನಲ್ಲಿ ಕಂಪನಿಯ ಕ್ಯಾಬುಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆಯುತ್ತಿದ್ದವು.

"ಏನದ ಅಲ್ಲಿಂದನ ಹೇಳಿಬಿಡ್ರಿ," ಎಂದರು. "ನೋಡೂ ಧೈರ್ಯ ನನಗ ಉಳದಿಲ್ಲ."

ಅವರ ಧೈರ್ಯ ಸೋರಿಹೋಗಲು ಕಾರಣವಿತ್ತು. ಮೂರು ದಿನದ ಹಿಂದೆ ಕಡಲು ಕೆರಳಲಿದೆ ಎಂಬ ಎಚ್ಚರಿಕೆಯೊಂದು ಅವರ ಹೆಸರಿನಲ್ಲಿ ಅಳಿಸಿಹೋಗಿತ್ತು. ಅದೇ ಬೆಳಿಗ್ಗೆ ಫೋರ್ಟ್ ಕೊಚ್ಚಿಯ ಮೀನುಗಾರ ಆಂಟಪ್ಪನ್ ದೋಣಿ ಇಳಿಸಿದವನು ಮರಳಿ ಬಂದಿರಲಿಲ್ಲ.

ಧಾರವಾಡದ ವೇದವತಿ ತಿರುವನಂತಪುರದ ಕಡಲ ಮುನ್ಸೂಚನಾ ಸಂಸ್ಥೆಯಲ್ಲಿ ವಿಜ್ಞಾನಿ. ಸಂಸ್ಥೆಗೆ ತನ್ನದೇ ಒಂದು ಹಳೆಯ ವೆಬ್‌ಮೇಲ್ ಇತ್ತು. ಅದಕ್ಕೆ ಎಲ್ಲರೂ ಹಂಚಿಕೊಳ್ಳುವ ಒಂದು ಕ್ಯಾಲೆಂಡರನ್ನು ಜೋಡಿಸಿಕೊಟ್ಟವಳು ಕಾಕ್ಕನಾಡಿನ ಈ ಸಣ್ಣ ಕಂಪನಿಯ ಪ್ರತೀಕ್ಷಾ. ವಿಜ್ಞಾನಿಗಳು ಅಲೆ ಏಳುವ ದಿನವನ್ನು ಗುರುತು ಹಾಕಿದರೆ ಸಾಕು. ಬಂದರು ಕಚೇರಿಯಲ್ಲಿ, ಮೀನುಗಾರರ ಸಂಘದಲ್ಲಿ, ದೋಣಿಯವರ ಫೋನಿನಲ್ಲಿ ಆ ದಿನ ಕೆಂಪಾಗುತ್ತಿತ್ತು. ಕೆಂಪು ದಿನ ಬಂದರಿನಿಂದ ಯಾವ ದೋಣಿಗೂ ಅನುಮತಿ ಇಲ್ಲ.

ಆ ದಿನ ಬೆಳಗಾಗುವ ಹೊತ್ತಿಗೆ ಕೆಂಪು ಮಾಯವಾಗಿತ್ತು. ಎಚ್ಚರಿಕೆ ಹಿಂತೆಗೆದುಕೊಂಡಿದ್ದೇವೆ ಎಂಬ ಮೇಲ್ ಎಲ್ಲರಿಗೂ ಹೋಗಿತ್ತು. ಸಂಸ್ಥೆಯ ವಿಚಾರಣಾ ಸಮಿತಿ ಬಂದರು ಅಧಿಕಾರಿಯ ಫೋನಿನಿಂದ ಆ ಮೇಲ್‌ನ ಚಿತ್ರ ತೆಗೆಸಿ, ಅದರ ಮೇಲಿದ್ದ ಹೆಸರನ್ನು ಓದಿ, ಸಂಜೆಯೊಳಗೆ ವೇದವತಿಯನ್ನು ಅಮಾನತಿನಲ್ಲಿಟ್ಟಿತ್ತು.

"ಸಮಿತಿಯವರು ತೋರಿಸಿದ ಚಿತ್ರದಲ್ಲಿ ಎಂತ ಇತ್ತು ನೆನಪುಂಟಾ?" ಚಂದ್ರಾವತಿ ಕೇಳಿದರು.

"ಮರಿಯೂದು ಹೆಂಗ್ರಿ? 'ವೇದವತಿ ಅವರ' ಅಂತ ಇತ್ತು. ಮುಂದ 'ಪ' ಅಂತಿತ್ತು. ಆಮ್ಯಾಲ ಮೂರು ಚುಕ್ಕಿ."

"ಆ 'ಪ' ಎಂತದ್ದು ಅಂತ ಯಾರೂ ಕೇಳಲಿಲ್ಲವಾ?"

"ಪತ್ರ ಅಂತ ತಿಳಕೊಂಡ್ರು. ವೇದವತಿ ಅವರ ಪತ್ರ."

ಚಂದ್ರಾವತಿ ಪರದೆಯ ಮೇಲೆ ಬೆರಳಿಟ್ಟರು. "ಫೋನಿನ ಅಗಲ ಕಡಿಮೆ, ಹಾಗೆ ಸಾಲು ತುಂಡಾಯಿತು. ಇದು ಪ್ರತೀಕ್ಷಾಳ ಡೆಮೊ ಖಾತೆಗೆ ಬಂದ ಅದೇ ಮೇಲ್. ಇಲ್ಲಿ ಸಾಲು ಪೂರ್ತಿ ಉಂಟು. ಬಂದು ಓದಿ."

ವೇದವತಿ ಬಂದರು. ಮೇಜಿನ ಅಂಚು ಹಿಡಿದುಕೊಂಡು ಬಗ್ಗಿದರು.

'ವೇದವತಿ ಅವರ ಪರವಾಗಿ ಕಾಶೀನಾಥ.'

ವೇದವತಿಯ ಕಣ್ಣುಗಳು ತುಂಬಿ ಬಂದವು. ಅವರು ಒರೆಸಿಕೊಳ್ಳಲಿಲ್ಲ, ಮತ್ತೊಮ್ಮೆ ಓದಿದರು.

"ನಮ್ಮ ಸಾಹೇಬ್ರು?"

"ನಿಮ್ಮ ವಿಭಾಗದ ಮುಖ್ಯಸ್ಥರು. ಅವರಿಗೆ ನಿಮ್ಮ ಕ್ಯಾಲೆಂಡರಿನಲ್ಲಿ ಕೈಯಾಡಿಸುವ ಹಕ್ಕು ಹೇಗೆ ಬಂತು?"

"ಹೋದ ವರ್ಷ ಅವ್ವನ ಕಣ್ಣಿನ ಆಪರೇಷನ್ ಇತ್ತು, ಊರಿಗೆ ಹೋಗಿದ್ದೆ. ನಾ ಇಲ್ಲದಾಗ ಎಚ್ಚರಿಕಿ ಹಾಕಾಕ ಯಾರಾದರೂ ಬೇಕಲ್ರೀ. ನಾನ ಕೊಟ್ಟಿದ್ದೆ. ವಾಪಸ್ ತಗೊಳ್ಳೂದು ತಲಿಗೇ ಹೊಳೀಲಿಲ್ಲ."

ಪ್ರತೀಕ್ಷಾ ಕುರ್ಚಿ ತಿರುಗಿಸಿದಳು. ಬ್ಯಾಂಕಿನಲ್ಲಿದ್ದ ಅಪ್ಪ ಅಮ್ಮನ ಜೊತೆ ಎರ್ನಾಕುಳಂನಲ್ಲೇ ಬೆಳೆದ ಹುಡುಗಿ. ಕನ್ನಡ ಕಿವಿಗೆ ಸಲೀಸು, ನಾಲಿಗೆಗೆ ಅಷ್ಟಿಲ್ಲ. "ಆಂಟಿ, ವೆಯ್ಟ್. ಡಿಲೀಟ್ ಮಾಡ್ವಾಗ ಸಿಸ್ಟಂ ಒಂದು ಚೋದ್ಯಂ ಕೇಳ್ತದೆ. ನಿಮ್ಮ ಪೇಜ್‌ನಿಂದ ಮಾತ್ರ ತೆಗೀಬೇಕಾ, ಎಲ್ಲರದ್ದೂ ತೆಗೀಬೇಕಾ, ಅಂತ. ಎಲ್ಲರದ್ದೂ ಅಂತ ಒತ್ತಿದ್ರೆ ಮಾತ್ರಂ ಈ ಮೇಲ್ ಹೋಗ್ತದೆ."

"ಹಾಗಾದರೆ ಕೈತಪ್ಪು ಅಂತ ಹೇಳ್ಲಿಕ್ಕಾಗುದಿಲ್ಲ."

"ಇಲ್ಲ. ತಪ್ಪಿ ಆಗಬಾರದು ಅಂತಾನೇ ನಾನು ಆ ಬಾಕ್ಸ್ ಇಟ್ಟಿದ್ದು."

ವೇದವತಿ ಚೀಲ ಹೆಗಲಿಗೇರಿಸಿದರು. "ಈ ಹಾಳಿ ಪ್ರಿಂಟ್ ತಗೀರಿ. ಈಗ ಹೋಗಿ ಸಮಿತಿ ಮುಂದ ಇಡ್ತೀನಿ."

"ಕೂತುಕೊಳ್ಳಿ," ಎಂದರು ಚಂದ್ರಾವತಿ. "ನಿಮ್ಮ ಕೆಲಸ ಉಳಿಯಿತು ಅಂತಲೇ ತಿಳಿದುಕೊಳ್ಳಿ. ಆದರೆ ಆಂಟಪ್ಪನ್ ಇನ್ನೂ ಸಿಕ್ಕಲಿಲ್ಲ. ಒಬ್ಬ ಮುಖ್ಯಸ್ಥ ಯಾಕೆ ತನ್ನದೇ ಸಂಸ್ಥೆಯ ಎಚ್ಚರಿಕೆ ಅಳಿಸುತ್ತಾನೆ? ಅದು ಗೊತ್ತಾಗದೆ ನಾವು ಹೊರಟರೆ ಆತ ಬಾಯಿ ಮುಚ್ಚಿ ಕೂತುಬಿಡ್ತಾನೆ."

ಅವರು ಮತ್ತೆ ಪರದೆಯತ್ತ ತಿರುಗಿದರು. ಎಡಗಡೆಯ ಪಟ್ಟಿಯಲ್ಲಿ ಬಣ್ಣದ ಚೌಕಗಳು ಒಂದರ ಕೆಳಗೊಂದು ಇದ್ದವು. ಕೆಂಪು ಎಚ್ಚರಿಕೆಗೆ, ನೀಲಿ ಸಭೆಗಳಿಗೆ, ಹಸಿರು ರಜೆಗಳಿಗೆ. ಹಸಿರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ.

"ಇಲ್ಲಿ ಯಾಕೆ ಹಲ್ಲು ಬಿದ್ದ ಹಾಗೆ ಕಾಣುತ್ತದೆ?"

ಪ್ರತೀಕ್ಷಾ ಹುಬ್ಬು ಗಂಟಿಕ್ಕಿದಳು. "ಅಯ್ಯೋ. ಇಲ್ಲಿ ಗ್ರೇ ಇತ್ತಲ್ಲ. ಬೂದು. ಆ ಬಣ್ಣ ಬೇಡ, ಬೇಜಾರು ಅಂತ ನಮ್ಮ ಡಿಸೈನರ್ ಜಗಳ ಮಾಡಿದ್ದ. ನಾನೇ ಹಠ ಹಿಡಿದು ಹಾಕಿದ್ದು. ಎಲ್ಲಿ ಪೋಯಿ?"

"ಬೂದು ಬಣ್ಣದಲ್ಲಿ ಎಂತ ಇತ್ತು?"

ಉತ್ತರ ಬಂದದ್ದು ವೇದವತಿಯಿಂದ. "ತೇಲುಯಂತ್ರದ್ದು. ಕೊಚ್ಚಿಯಿಂದ ದೂರ ನಡುಗಡಲಾಗ ಲಂಗರು ಹಾಕಿ ಒಂದು ಹಳದಿ ತೇಲುಯಂತ್ರ ಬಿಟ್ಟೀವಲ್ರೀ, ಅಲಿ ಅಳೀಲಿಕ್ಕೆ. ಇಲ್ಲಿ ಮೀನುಗಾರರು ಅದಕ್ಕ ಮಂಜಕುಟ್ಟಿ ಅಂತಾರ, ಹಳದಿ ಮಗು ಅಂತ. ಅದು ತಾನ ಉಪಗ್ರಹದ ಮೂಲಕ ಎಲ್ಲಿದ್ದೀನಿ, ಹೆಂಗಿದ್ದೀನಿ ಅಂತ ಆ ಕ್ಯಾಲೆಂಡರಿನಾಗ ಬರಕೋತ ಇರ್ತದ."

ಪ್ರತೀಕ್ಷಾಳ ಬೆರಳುಗಳು ಡೆಮೊ ಖಾತೆಯ ಹಳೆಯ ಮೇಲುಗಳ ನಡುವೆ ಓಡಿದವು. ಯಂತ್ರವೇ ಕಳಿಸುವ, ಯಾರೂ ತೆರೆಯದ ಮೇಲುಗಳು. ಒಂದರ ಮೇಲೆ ನಿಂತಳು.

'ಈ ಕ್ಯಾಲೆಂಡರನ್ನು ಇನ್ನು ಮುಂದೆ ನಿಮ್ಮೊಂದಿಗೆ ಹಂಚಿಕೊಳ್ಳಲಾಗುವುದಿಲ್ಲ.'

"ಎಚ್ಚರಿಕೆ ಅಳಿಸಿದ್ದರ ಹಿಂದಿನ ದಿನ," ಎಂದಳು. "ಓನರ್ ಮಾತ್ರ ಹೀಗೆ ಮಾಡಬಹುದು. ಓನರ್ ಕಾಶೀನಾಥ ಸರ್."

"ನೀನು ತೆರೆದು ನೋಡ್ಲಿಕ್ಕೆ ಆಗುದಿಲ್ಲವಾ?"

"ಇಲ್ಲ ಆಂಟಿ. ನಾವು ಮನೆ ಕಟ್ಟಿದ್ವಿ. ಕೀ ಅವರ ಕೈಗೆ ಕೊಟ್ಟು ಬಂದ್ವಿ. ಅವರೇ ಮತ್ತೆ ಶೇರ್ ಮಾಡಬೇಕು."

ಚಂದ್ರಾವತಿ ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜಿದರು. "ಮೊದಲು ಒಂದನ್ನು ಮುಚ್ಚಿದ್ದಾರೆ. ಮರುದಿನ ಇನ್ನೊಂದನ್ನು ಅಳಿಸಿದ್ದಾರೆ. ಎರಡೂ ಒಂದೇ ಕೈ." ಅವರು ಎದ್ದರು. "ಪ್ರತೀಕ್ಷಾ, ನೀನು ಇಲ್ಲಿಂದ ಏಳಬೇಡ. ನಾವು ಫೋನ್ ಮಾಡುವಾಗ ಈ ಪುಟ ತೆರೆದೇ ಇರಬೇಕು."

* * *

ತಿರುವನಂತಪುರದ ರೈಲು ಆಲಪ್ಪುಳ ದಾಟಿದಾಗ ಫಿಲೋಮಿನಾಳ ಕರೆ ಬಂತು. ಆಂಟಪ್ಪನ್‌ನ ಹೆಂಡತಿ. ಚಂದ್ರಾವತಿ ಅವಳೊಡನೆ ಮಲಯಾಳದಲ್ಲೇ ಮಾತಾಡುತ್ತಿದ್ದರು. ಕಾಸರಗೋಡಿನವರಿಗೆ ಅದೇನು ಕಲಿಯಬೇಕಾದ ಭಾಷೆಯಲ್ಲ. ಫಿಲೋಮಿನಾಳಿಗೆ ಅವರು ಚೇಚಿ, ಅಂದರೆ ಅಕ್ಕ.

"ಚೇಚಿ, ಹುಡುಕಲು ಹೋದ ಹಡಗು ಮತ್ತೆ ಬರಿಗೈಲಿ ಬಂತು," ಫಿಲೋಮಿನಾ ಹೇಳಿದಳು. ಅವಳ ದನಿಯ ಹಿಂದೆ ತುಂಬ ಹೆಂಗಸರ ಮಾತು ಕೇಳುತ್ತಿತ್ತು. "ಇಗರ್ಜಿಯಲ್ಲಿ ಪೂಜೆ ಹೇಳಿಸೋಣವೇ ಎಂದು ನೆರೆಯವರು ಕೇಳುತ್ತಿದ್ದಾರೆ. ಸತ್ತವರ ಪೂಜೆ. ನಾನು ಬೇಡ ಎಂದೆ. ಬದುಕಿದ್ದವನಿಗೆ ಯಾರಾದರೂ ಆ ಪೂಜೆ ಮಾಡಿಸುತ್ತಾರಾ?"

"ಮಾಡಿಸಬೇಡ," ಎಂದರು ಚಂದ್ರಾವತಿ. "ಎಲ್ಲಿ ಹುಡುಕುತ್ತಿದ್ದಾರೆ?"

"ಬಡಗಣ ದಿಕ್ಕಿಗೆ. ಯಾವಾಗಲೂ ಬಲೆ ಬೀಸುವ ಕಡೆ. ಆದರೆ ಚೇಚಿ, ಬಲೆ ಇಲ್ಲೇ ಉಂಟು."

"ಎಲ್ಲಿ?"

"ನಮ್ಮ ಅಂಗಳದಲ್ಲಿ. ಬೇಲಿಯ ಮೇಲೆ ಹರವಿದ್ದು ಹಾಗೇ ಇದೆ. ಇವತ್ತು ಬಲೆ ಬೇಡ ಎಂದು ಹೋದ. ನಾನು ಬಂದವರಿಗೆಲ್ಲ ಹೇಳಿದೆ. ಬೇರೆ ಬಲೆ ಇದ್ದಿರಬಹುದು ಎಂದು ಬರೆದುಕೊಂಡರು. ನಮ್ಮಲ್ಲಿ ಬೇರೆ ಬಲೆ ಎಲ್ಲಿಂದ?"

ಚಂದ್ರಾವತಿ ಫೋನ್ ಇಟ್ಟು, ಕೇಳಿದ್ದನ್ನು ವೇದವತಿಗೆ ಹೇಳಿದರು. ಕಿಟಕಿಯಾಚೆ ತೆಂಗಿನ ಸಾಲಿನ ನಡುವೆ ಕಡಲು ಕಂಡು ಕಂಡು ಮರೆಯಾಗುತ್ತಿತ್ತು. ಈಗ ಅದು ಶಾಂತವಾಗಿತ್ತು, ಏನೂ ಆಗಿಲ್ಲವೆಂಬಂತೆ.

"ಬಲಿ ಇಲ್ಲದ ಮೀನುಗಾರ ಕಡಲಿಗೆ ಯಾಕ ಹೋಗ್ತಾನ್ರೀ?" ವೇದವತಿ ಕೇಳಿದರು.

"ಮೀನು ಹಿಡಿಯಲಿಕ್ಕೆ ಹೋದವನಲ್ಲ ಅವನು." ಚಂದ್ರಾವತಿ ಅವರ ಕೈ ಒತ್ತಿದರು. "ನೀವು ಆ ಹಳದಿ ಮಗುವಿನ ಬಗ್ಗೆ ಹೇಳಿ. ಅದರ ಲಂಗರು ಕಡಿದುಹೋದರೆ ಏನಾಗುತ್ತದೆ?"

"ತೇಲಿ ಹೋಗ್ತದ. ಈ ತಿಂಗಳಾಗ ಕಡಲ ಸೆಳೆತ ತೆಂಕಣಕ್ಕ."

ಹಡಗು ಹುಡುಕುತ್ತಿದ್ದದ್ದು ಬಡಗಣಕ್ಕೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

* * *

ಸಂಸ್ಥೆ ಇದ್ದದ್ದು ಕಳಕ್ಕೂಟಂ ದಾಟಿ ಕಡಲಿನ ಕಡೆಗೆ ತಿರುಗುವ ರಸ್ತೆಯಲ್ಲಿ. ಗೇಟಿನ ಕಾವಲುಗಾರ ವೇದವತಿಯನ್ನು ಕಂಡು ಎದ್ದು ನಿಂತ, ಆಮೇಲೆ ನೆನಪಾಗಿ ತಲೆ ತಗ್ಗಿಸಿದ.

"ಮೇಡಂ, ಪಾಸ್ ಬೇಕು," ಎಂದ ಮೆಲ್ಲಗೆ.

ತಾವು ಹದಿನಾರು ವರ್ಷ ನಡೆದಾಡಿದ ಕಟ್ಟಡಕ್ಕೆ ವೇದವತಿ ಸಂದರ್ಶಕರ ಬಿಲ್ಲೆ ಕೊರಳಿಗೆ ಹಾಕಿಕೊಂಡು ಒಳಗೆ ಹೋದರು. ಮೆಟ್ಟಿಲ ಮೇಲೆ ಎದುರಾದ ಇಬ್ಬರು ಫೋನ್ ನೋಡುವವರಂತೆ ಮುಖ ತಿರುಗಿಸಿದರು. ಮೂರನೆಯವಳು ಮಾತ್ರ ನಿಂತು, ಅವರ ತೋಳು ಮುಟ್ಟಿ ಇಳಿದುಹೋದಳು.

ಕಾಶೀನಾಥ ಮೈಸೂರಿನವರು. ಇಸ್ತ್ರಿ ಮಾಡಿದ ತೆಳುನೀಲಿ ಅಂಗಿ, ಓರಣವಾದ ಮೇಜು, ಮೆದು ಮಾತು. ಬಾಗಿಲಲ್ಲಿ ವೇದವತಿಯನ್ನು ಕಂಡಾಗ ಅವರ ಕೈಯಲ್ಲಿದ್ದ ಚಹದ ಲೋಟ ತುಟಿಯವರೆಗೆ ಹೋಗದೆ ಕೆಳಗಿಳಿಯಿತು.

"ಬನ್ನಿ, ಬನ್ನಿ. ವೇದವತಿ, ನೀವು ಬರೋದು ಈಗ ಸರಿ ಹೋಗಲ್ಲ. ವಿಚಾರಣೆ ನಡೀತಾ ಇದೆ."

"ನಾನು ಕರಕೊಂಡು ಬಂದದ್ದು," ಎಂದರು ಚಂದ್ರಾವತಿ, ಅವರು ಕೂರಲು ಹೇಳುವ ಮೊದಲೇ ಕುರ್ಚಿ ಎಳೆದು ಕುಳಿತು. "ಒಂದು ಸಣ್ಣ ಪ್ರಶ್ನೆ. 'ಪ' ಅಂದರೆ ಎಂತ?"

"ಏನಂದ್ರಿ?"

ಚಂದ್ರಾವತಿ ಪ್ರಿಂಟ್ ಮಾಡಿದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಕಾಶೀನಾಥ ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕಿವಿಗಳು ಮಾತ್ರ ಕೆಂಪಾದವು.

"ನೋಡಿ ಮೇಡಂ, ಆವತ್ತು ಬೆಳಗ್ಗೆ ನನ್ನ ಪುಟ ತುಂಬ ಗಿಜಿಗಿಜಿ ಆಗಿತ್ತು. ನನ್ನ ಪುಟದಿಂದ ತೆಗೆದೆ ಅಷ್ಟೆ. ಎಲ್ಲರದ್ದೂ ಹೋಗುತ್ತೆ ಅಂತ ನಂಗೆ ಹೇಗೆ ಗೊತ್ತಾಗಬೇಕು? ಈ ಹೊಸ ಕ್ಯಾಲೆಂಡರ್ ಬಂದಾಗಿಂದ ಒಂದಲ್ಲ ಒಂದು ತೊಂದರೆ."

"ಅದು ಕೇಳುತ್ತದೆ," ಎಂದರು ಚಂದ್ರಾವತಿ. "ನಿಮ್ಮದು ಮಾತ್ರವಾ, ಎಲ್ಲರದ್ದಾ ಅಂತ. ನೀವು ಎಲ್ಲರದ್ದೂ ಅಂತ ಒತ್ತಿದ್ದೀರಿ. ಇಲ್ಲದಿದ್ದರೆ ಈ ಮೇಲ್ ಹುಟ್ಟುವುದೇ ಇಲ್ಲ."

"ಆತುರದಲ್ಲಿ ಒತ್ತಿರಬಹುದು."

"ಆಗಬಹುದು. ಹಿಂದಿನ ದಿನ ಬೂದು ಬಣ್ಣವನ್ನು ಮುಚ್ಚಿದ್ದೂ ಆತುರದಲ್ಲಿಯಾ?"

ಗೋಡೆಯ ಫ್ಯಾನ್ ಅತ್ತಿಂದಿತ್ತ ತಿರುಗಿ, ಹಾಳೆಯ ಮೂಲೆಯನ್ನು ಎತ್ತಿ ಎತ್ತಿ ಬಿಡುತ್ತಿತ್ತು.

ಚಂದ್ರಾವತಿ ದನಿ ತಗ್ಗಿಸಿದರು. "ಕಾಶೀನಾಥರೇ, ನನ್ನ ಕೆಲಸದಲ್ಲಿ ಬಹಳ ಜನರನ್ನು ಹಿಡಿದಿದ್ದೇನೆ. ಇವತ್ತು ನಾನು ಯಾರನ್ನೂ ಹಿಡಿಯಲಿಕ್ಕೆ ಬಂದದ್ದಲ್ಲ. ಒಬ್ಬನನ್ನು ಹುಡುಕಲಿಕ್ಕೆ ಬಂದದ್ದು. ಅವನ ಬಲೆ ಅಂಗಳದಲ್ಲಿ ಒಣಗುತ್ತಾ ಉಂಟು. ಹಡಗು ಬಡಗಣಕ್ಕೆ ಹೋಗಿ ಹುಡುಕುತ್ತದೆ. ಅವನು ಎಲ್ಲಿಗೆ ಹೋದ ಅಂತ ಗೊತ್ತಿರುವುದು ಈ ಊರಿನಲ್ಲಿ ನಿಮಗೆ ಒಬ್ಬರಿಗೆ."

"ನನಗೇನೂ..."

"ಸರ್," ವೇದವತಿ ಮೇಜಿನ ಹತ್ತಿರ ಬಂದರು. "ಮಂಜಕುಟ್ಟಿ ಲಂಗರು ಕಡಕೊಂಡು ಹೋತೇನ್ರೀ?"

ಅದೊಂದು ಮಾತಿಗೆ ಕಾಶೀನಾಥರ ಬೆನ್ನು ಬಾಗಿತು. ವೇದವತಿಯ ಕೊರಳಲ್ಲಿ ನೇತಾಡುತ್ತಿದ್ದ ಸಂದರ್ಶಕರ ಬಿಲ್ಲೆಯನ್ನು ಅವರು ಆಗಷ್ಟೇ ಕಂಡವರಂತೆ ನೋಡಿದರು.

"ಹೌದು," ಎಂದರು.

ಮತ್ತೆ ಹೇಳಲು ತೊಡಗಿದಾಗ ಮಾತು ತಡೆಯಿಲ್ಲದೆ ಬಂತು. ತೇಲುಯಂತ್ರ ಲಂಗರು ಕಡಿದುಕೊಂಡು ತೇಲುತ್ತಿತ್ತು. ಯೋಜನೆಯನ್ನು ಮುಂದುವರಿಸಬೇಕೇ ಬೇಡವೇ ಎಂದು ನೋಡಲು ದೆಹಲಿಯ ತಂಡ ಮುಂದಿನ ವಾರ ಬರುವುದಿತ್ತು. ಯಂತ್ರವೇ ಕೈತಪ್ಪಿದೆ ಎಂದು ತಿಳಿದರೆ ಅಲ್ಲಿಗೆ ಎಲ್ಲ ಮುಗಿದಂತೆ. ಗುತ್ತಿಗೆಯ ಮೇಲಿದ್ದ ಹುಡುಗರೆಲ್ಲ ಮನೆಗೆ. ಯಾರ ಕಣ್ಣಿಗೂ ಬೀಳದಿರಲೆಂದು ಬೂದು ಕ್ಯಾಲೆಂಡರ್ ಮುಚ್ಚಿದರು. ಆ ಕಡಲನ್ನು ಅಂಗೈಯಂತೆ ಬಲ್ಲ ಆಂಟಪ್ಪನ್‌ಗೆ ಫೋನ್ ಮಾಡಿದರು. ಹೋಗಿ ಹಗ್ಗ ಕಟ್ಟಿ ಎಳೆದು ತಾ ಎಂದರು. ಆದರೆ ಮರುದಿನ ಕೆಂಪು, ಅದನ್ನು ಅಳಿಸದೆ ದೋಣಿಗೆ ಅನುಮತಿ ಇಲ್ಲ.

"ನಮ್ಮ ಲೆಕ್ಕದಲ್ಲಿ ಅಲೆ ಏಳೋದು ಸಂಜೆಗೆ. ಮಧ್ಯಾಹ್ನದೊಳಗೆ ಬಂದುಬಿಡ್ತಾನೆ ಅಂದ್ಕೊಂಡೆ. ಅವನು ಬಂದ ತಕ್ಷಣ ಎಚ್ಚರಿಕೆ ಮತ್ತೆ ಹಾಕೋಣ ಅಂತಿದ್ದೆ. ಕಡಲು ಕಾಯಲಿಲ್ಲ."

"ಆಮೇಲಾದರೂ ಬಾಯಿ ಬಿಡಬಹುದಿತ್ತಲ್ರೀ," ವೇದವತಿ ಹೇಳಿದರು. ಅವರ ಸಿಟ್ಟು ಈಗ ಎದ್ದಿತ್ತು. "ನನ್ನ ಹೆಸರು ಕೆಟ್ಟರ ಕೆಡಲಿ. ಅಂವಾ ಎಲ್ಲಿಗೆ ಹೋಗ್ಯಾನಂತ ಹೇಳಬಹುದಿತ್ತು. ಮೂರು ದಿನ, ಸರ್!"

"ಹೇಳೋಣ ಅಂತ ಪ್ರತಿ ಬೆಳಗ್ಗೆ ಎದ್ದೆ ಕಣ್ರೀ. ಪ್ರತಿ ಗಂಟೆ ಕಳೆದ ಹಾಗೂ ಹೇಳೋದು ಇನ್ನೂ ಕಷ್ಟ ಆಯ್ತು. ಈಗ ಹೇಳಿ ಏನು ಪ್ರಯೋಜನ, ಅವನು ಉಳಿದಿರಲ್ಲ ಅಂತ..."

"ಆ ಬೂದು ಕ್ಯಾಲೆಂಡರ್ ತೆರೆದು ನೋಡಿದ್ದೀರಾ?" ಚಂದ್ರಾವತಿ ನಡುವೆ ಬಾಯಿ ಹಾಕಿದರು. "ದೋಣಿ ಹೋದ ಮೇಲೆ?"

ಕಾಶೀನಾಥ ತಲೆಯಾಡಿಸಿದರು. ಇಲ್ಲ. "ಧೈರ್ಯ ಬರಲಿಲ್ಲ."

"ಈಗ ತೆರೆಯಿರಿ. ನಿಮಗೊಬ್ಬರಿಗೆ ಅಲ್ಲ. ಎಲ್ಲರಿಗೂ ಕಾಣುವ ಹಾಗೆ."

ಕಾಶೀನಾಥ ಲ್ಯಾಪ್‌ಟಾಪಿನ ಮುಂದೆ ಕುಳಿತರು. ವೆಬ್‌ಮೇಲಿನ ಬದಿಯಲ್ಲಿ ಕ್ಯಾಲೆಂಡರಿನ ಚಿಹ್ನೆ. ಅದರ ಕೆಳಗೆ ಬೂದು ಚೌಕ. ಪಕ್ಕದಲ್ಲಿ 'ಹಂಚಿಕೊಳ್ಳಿ' ಎಂಬ ಗುಂಡಿ. ಅವರ ಬೆರಳು ಅದರ ಮೇಲೆ ನಿಂತಿತು. ಅದನ್ನು ಒತ್ತಿದರೆ ತಮ್ಮ ನೌಕರಿ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಕೋಣೆಯಲ್ಲಿದ್ದ ಇನ್ನಿಬ್ಬರಿಗೂ ಗೊತ್ತಿತ್ತು. ಯಾರೂ ಅವಸರಪಡಿಸಲಿಲ್ಲ.

ಕಾಶೀನಾಥ ಒತ್ತಿದರು.

ಚಂದ್ರಾವತಿ ಆಗಲೇ ಕರೆ ಹಚ್ಚಿ ಹಿಡಿದಿದ್ದ ಫೋನಿನಿಂದ ಪ್ರತೀಕ್ಷಾಳ ಕೂಗು ಕೇಳಿತು. "ವನ್ನು! ಬಂತು ಆಂಟಿ! ಗ್ರೇ ಬಂತು! ಆದ್ರೆ ಇದೆಂತ, ತುಂಬ ಎಂಟ್ರಿ ಇದೆ. ಮೊನ್ನೆಯದು, ನಿನ್ನೆಯದು, ಇವತ್ತಿನದು. ಎಲ್ಲಾ ಒಂದೇ ಥರ. 'ಪರೀಕ್ಷೆ', 'ಪರೀಕ್ಷೆ', 'ಪರೀಕ್ಷೆ'. ಬಗ್ ಇರಬೇಕು."

ವೇದವತಿ ಕಾಶೀನಾಥರನ್ನು ಬದಿಗೆ ಸರಿಸಿ ಪರದೆಗೆ ಮುಖ ಹಚ್ಚಿದರು. ಮೊನ್ನೆಯ, ನಿನ್ನೆಯ ಚೌಕಗಳೊಳಗೆ ಬೂದು ಪಟ್ಟಿಗಳು ಒತ್ತೊತ್ತಾಗಿ ತುಂಬಿದ್ದವು. ಇಂದಿನ ಚೌಕದೊಳಗೂ.

"ಬಗ್ ಅಲ್ಲ," ಎಂದರು. ಮತ್ತೆ ಹೇಳಿದರು, ಈ ಸಲ ಜೋರಾಗಿ. "ಪ್ರತೀಕ್ಷಾ, ಇದು ಬಗ್ ಅಲ್ಲ! ಯಂತ್ರ ತಾನಾಗಿ 'ಪರೀಕ್ಷೆ' ಅಂತ ಎಂದೂ ಬರಿಯೂದಿಲ್ಲ. ರಿಪೇರಿಗೆ ಹೋದವರು ಅದರ ಮ್ಯಾಲ ಹತ್ತಿ ಸ್ವಿಚ್ ಒತ್ತಿದರ ಮಾತ್ರ ಬರ್ತದ. ಕೈಯಿಂದ ಒತ್ತಬೇಕು. ಮನುಷ್ಯರ ಕೈಯಿಂದ!"

ಕಾಶೀನಾಥ ಎದ್ದು ನಿಂತಿದ್ದರು. ಗೋಡೆಗೆ ಕೈ ಊರಿದರು.

"ಅವನು ಅದರ ಮೇಲೆ ಇದ್ದಾನೆ," ಎಂದರು ಚಂದ್ರಾವತಿ.

"ಹಳದಿ ಅಟ್ಟ ಅದ ಅದಕ್ಕ, ನಾಕು ಮಂದಿ ಕೂಡೂವಷ್ಟು ಅಗಲ," ವೇದವತಿ ಅಳುತ್ತಲೂ ನಗುತ್ತಲೂ ಇದ್ದರು. "ಮಳಿ ನೀರು ನಿಲ್ಲೂ ಹಂಗ ತಗ್ಗೂ ಅದ. ದೋಣಿ ಮುಳುಗಿದ ಮ್ಯಾಲ ಈಸಿ ಹೋಗಿ ಹತ್ಯಾನ. ಸ್ವಿಚ್ ಒತ್ತಿದರ ನಮಗ ಗೊತ್ತಾಗ್ತದಂತ ಅಂವಗ ಗೊತ್ತಿರಬೇಕು. ಕರೀತಿದ್ದಾನ ಸರ್, ಮೊನ್ನೆಯಿಂದ ನಮ್ಮನ್ನ ಕರೀತಿದ್ದಾನ!"

"ಎಲ್ಲಿ ಅಂತ ಉಂಟಾ ಅದರಲ್ಲಿ?"

"ಪ್ರತಿಯೊಂದರ ಒಳಗೂ ಅದ."

ಚಂದ್ರಾವತಿ ಮೇಜಿನ ಮೇಲಿದ್ದ ಫೋನನ್ನು ಕಾಶೀನಾಥರ ಕಡೆಗೆ ತಳ್ಳಿದರು. "ಈ ಕರೆ ನಾನು ಮಾಡಬಹುದು. ನೀವು ಮಾಡಿದರೆ ಒಳ್ಳೆಯದು."

ಕಾಶೀನಾಥ ಕರಾವಳಿ ರಕ್ಷಣೆಯವರಿಗೆ ತಾವೇ ಫೋನ್ ಮಾಡಿದರು. ತಮ್ಮ ಹೆಸರು ಹೇಳಿದರು, ಹುದ್ದೆ ಹೇಳಿದರು. "ದೋಣಿ ಎಲ್ಲಿಗೆ ಹೋಗಿದೆ ಅಂತ ಗೊತ್ತಿದ್ದೂ ನಿಮ್ಮಿಂದ ಮುಚ್ಚಿಟ್ಟಿದ್ದು ನಾನು," ಎಂದಾಗ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ವೇದವತಿ ಪರದೆ ನೋಡಿ ಅಕ್ಷಾಂಶ ರೇಖಾಂಶ ಓದಿದರು, ಕಾಶೀನಾಥ ಅದನ್ನೇ ಆಚೆಯವರಿಗೆ ಹೇಳಿದರು. ಅತ್ತಲಿಂದ ಎರಡು ಮೂರು ಪ್ರಶ್ನೆ ಬಂತು. ಆಮೇಲೆ ಹಡಗು ತಿರುಗಿಸುತ್ತಿದ್ದೇವೆ, ಹೆಲಿಕಾಪ್ಟರ್ ಮೊದಲು ಹೊರಡುತ್ತದೆ, ಬೆಳಕಿರುವಾಗಲೇ ತಲುಪುತ್ತೇವೆ ಎಂದರು.

ಫೋನ್ ಇಟ್ಟ ಕಾಶೀನಾಥ ಮುಖ ಮುಚ್ಚಿಕೊಂಡು ಕುಳಿತರು. ವೇದವತಿ ಅವರ ಚಹದ ಲೋಟವನ್ನು, ಯಾಕೆಂದು ತಮಗೇ ತಿಳಿಯದೆ, ಅವರ ಹತ್ತಿರ ಸರಿಸಿದರು.

ಪರದೆಯ ಮೇಲೆ ಇಂದಿನ ಚೌಕದೊಳಗೆ ಹೊಸತೊಂದು ಬೂದು ಪಟ್ಟಿ ಮೂಡಿತು. 'ಪರೀಕ್ಷೆ.'

"ಈಗ ಒತ್ತಿದ!" ಫೋನಿನಲ್ಲಿ ಪ್ರತೀಕ್ಷಾ ಕಿರುಚಿದಳು. "ಕಂಡಿರಾ? ಜಸ್ಟ್ ನೌ!"

ವೇದವತಿ ನಕ್ಕರು. ಆ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದರು. ನಗು ಹಾಗೇ ಇದ್ದು, ಹುಬ್ಬು ಮಾತ್ರ ನಿಧಾನವಾಗಿ ಕೂಡಿಕೊಂಡಿತು.

"ಏನಾಯಿತು?" ಚಂದ್ರಾವತಿ ಕೇಳಿದರು.

"ಸ್ವಿಚ್ ಒಂದಲ್ರೀ. ಎರಡು. ಅಲಿ ಬಡದೋ, ಹಕ್ಕಿ ಕೂತೋ ಒತ್ತಬಾರದಂತ ನಾವ ಹಂಗ ಮಾಡಿಸೀವಿ. ಆಚಿ ಕಡಿ ಒಂದು, ಈಚಿ ಕಡಿ ಒಂದು. ಎರಡೂ ಒಂದ ಸಲ ಒತ್ತಬೇಕು."

"ಕೈ ಚಾಚಿದರೆ ಸಿಕ್ಕುದಿಲ್ಲವಾ?"

"ನಡುವ ಕಂಬ ಅದ. ಎಷ್ಟ ಉದ್ದ ಮನುಷ್ಯಾ ಆದ್ರೂ ಒಬ್ಬಗ ಸಿಗೂದಿಲ್ಲ. ರಿಪೇರಿಗೆ ಯಾವಾಗಲೂ ಇಬ್ಬರನ್ನ ಕಳಸ್ತೀವಿ." ಅವರು ಕಾಶೀನಾಥರತ್ತ ತಿರುಗಿದರು. "ಸರ್, ಆಂಟಪ್ಪನ್ ಜೋಡಿ ಯಾರನ್ನ ಕಳಿಸಿದ್ರಿ?"

"ಯಾರನ್ನೂ ಇಲ್ಲ." ಕಾಶೀನಾಥ ಕೈ ಇಳಿಸಿದರು. ಅವರ ಮುಖದಲ್ಲಿದ್ದದ್ದು ನಿಜವಾದ ಬೆರಗು. "ದೇವರಾಣೆ ಇಲ್ಲ. ಅವನೊಬ್ಬನೇ ಹೋಗೋದು ಅಂತ ಮಾತಾಗಿತ್ತು. ವಿಷಯ ನಮ್ಮಿಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ."

ಚಂದ್ರಾವತಿ ಆಗಲೇ ಫಿಲೋಮಿನಾಳ ನಂಬರು ಒತ್ತಿದ್ದರು. ಮೊದಲು ಅವಳಿಗೆ ಹೇಳಬೇಕಾದದ್ದನ್ನು ಹೇಳಿದರು: ಜೀವ ಇದೆ, ಎಲ್ಲಿದ್ದಾನೆಂದು ತಿಳಿದಿದೆ, ಹುಡುಕುವವರು ಹೊರಟಿದ್ದಾರೆ. ಅತ್ತ ಕಡೆ ಫೋನ್ ಕೆಳಗೆ ಬಿದ್ದ ಸದ್ದು, ಹೆಂಗಸರ ಕೂಗು, ಅಳು, ಯಾರೋ ಜಪಮಾಲೆಯ ಪ್ರಾರ್ಥನೆ ಆರಂಭಿಸಿದ್ದು ಎಲ್ಲ ಕೇಳಿತು. ಮತ್ತೆ ಫಿಲೋಮಿನಾ ಫೋನಿಗೆ ಬರುವವರೆಗೆ ಅವರು ಕಾದರು.

"ಮಗಳೇ, ಇನ್ನೊಂದು ಮಾತು. ಅವನ ಸಂಗಡ ಯಾರು ಹೋದರು? ನಿಮ್ಮ ಕಡೆ ಇನ್ಯಾರಾದರೂ ಕಾಣೆಯಾಗಿದ್ದಾರಾ?"

"ಇಲ್ಲ ಚೇಚಿ. ಇಲ್ಲಿ ಎಲ್ಲ ಮನೆಯವರೂ ಮನೆಯಲ್ಲಿದ್ದಾರೆ." ಅವಳು ಮೂಗೆಳೆದುಕೊಂಡಳು. ಏನೋ ನೆನಪಿಗೆ ಬಂದಂತೆ ತಡೆದಳು. "ಆದರೆ ಆ ದಿನ ಎರಡು ಪೊದಿಚೋರು ಕಟ್ಟಿಸಿಕೊಂಡ. ಬಾಳೆಲೆಯಲ್ಲಿ ಎರಡು ಊಟದ ಪೊಟ್ಟಣ. ಕೆಲಸ ಹೆಚ್ಚಿರಬೇಕು, ಹಸಿವೆಗೆ ಅಂದುಕೊಂಡೆ."

"ಅಷ್ಟೆಯಾ?"

"ಒಂದರಲ್ಲಿ ಮೀನು ಬೇಡ ಎಂದ. ನಾನು ನಕ್ಕೆ. ಹುಟ್ಟಿದಾಗಿನಿಂದ ಮೀನಿಲ್ಲದೆ ಉಂಡವನಲ್ಲ ಅವನು."

ಚಂದ್ರಾವತಿ ಫೋನನ್ನು ಕಿವಿಯಿಂದ ಇಳಿಸಿ, ಕೇಳಿದ್ದನ್ನು ಕನ್ನಡದಲ್ಲಿ ಹೇಳಿದರು. ಫ್ಯಾನ್ ತಿರುಗುತ್ತಿತ್ತು. ಕಾಶೀನಾಥ ಕುರ್ಚಿಯ ಕೈ ಹಿಡಿದು ಎದ್ದರು.

"ನಿಮ್ಮ ವಿಭಾಗದಲ್ಲಿ ಮೀನು ತಿನ್ನದವರು ಎಷ್ಟು ಜನ?" ಚಂದ್ರಾವತಿ ಕೇಳಿದರು.

ವೇದವತಿ ಬೆರಳು ಮಡಿಸಿ ಎಣಿಸಿದರು. ಪರದೆಯ ಮೇಲೆ ಮತ್ತೊಂದು ಬೂದು ಪಟ್ಟಿ ಮೂಡಿತು.

"ಮೂರ ಮಂದಿ ರೀ," ಎಂದರು. "ಇಬ್ಬರು ಈ ಕೋಣಿಯೊಳಗ ಅದೀವಿ. ಮೂರನೇದವರ ಹೆಸರಿನ ಮುಂದ ಮೂರು ದಿನದಿಂದ ಹಸಿರು ಅದ, ರಜಾ ಅಂತ."